ಬಾಟಲಿಯ ಮನಿ ಪ್ಲಾಂಟ್ ಹಲಸಿನ ಮರ ಏರಿದಾಗ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಆರೇಳು ವರ್ಷದ ಹಿಂದೆ ಬಾಟಲಿಯಲ್ಲಿದ್ದ ಮನಿ ಪ್ಲಾಂಟನ್ನು ಹಿತ್ತಲಿನ ಹಲಸಿನ ಬುಡಕ್ಕೆ ಎಸೆದಿದ್ದೆ. ಈಗ ಅದು ಮರದ ಅರ್ಧಕ್ಕೂ ಮೇಲೆ ಹತ್ತಿದೆ. ಎಲೆ ಮೊರದಗಲ, ಅಂಚೆಲ್ಲ ಹರಿದ ಹಾಗಿದೆ. ನೆಲದ ಮೇಲೂ ಹಬ್ಬಿ ಹಳ್ಳದ ಕಡೆ ಹೊರಟಿದೆ. ಇದು ನಿಜಕ್ಕೂ ಅದೇ ಗಿಡವಾ? ಹಲಸಿಗೆ ತೊಂದರೆಯಾ? ತೆಗೆಯುವುದು ಹೇಗೆ? ಅತ್ತೆ ಮಾತ್ರ "ಲಕ್ಷ್ಮಿ ಅದು, ಕೀಳಬೇಡ" ಅನ್ನುತ್ತಾರೆ.

ಉತ್ತರ: ಅದೇ ಗಿಡ, ಅನುಮಾನ ಬೇಡ. ಬಾಟಲಿಯಿಂದ ಇಳಿಬಿದ್ದು ಬೆಳೆಯುವಾಗ ಮನಿ ಪ್ಲಾಂಟ್ ಎಷ್ಟು ವರ್ಷವಾದರೂ ಮರಿಯಾಗಿಯೇ ಉಳಿಯುತ್ತದೆ. ಹತ್ತಲು ಮರ ಸಿಕ್ಕಿತೋ, ಬಲಿಯಲು ಶುರು. ಬಳ್ಳಿ 20 ಮೀಟರ್‌ವರೆಗೆ ಏರಬಲ್ಲದು, ಎಲೆ ಮುಕ್ಕಾಲು ಮೀಟರ್ ದಾಟಬಲ್ಲದು. ಅಂಚು ಹರಿದಂತೆ ಕಾಣುವುದು ಗಾಳಿಗಲ್ಲ, ಬಲಿತ ಎಲೆಯ ರೂಪವೇ ಹಾಗೆ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಎಪಿಪ್ರೆಮ್ನಮ್ ಆರಿಯಮ್. ನಮ್ಮ ಕೆಸುವಿನ ಬಳಗದ್ದು. ತವರು ಮಾತ್ರ ದೂರ, ಪೆಸಿಫಿಕ್ ಸಾಗರದ ನಡುವೆ ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ಎಂಬ ಪುಟ್ಟ ದ್ವೀಪ.

ಇದರ ಹೂವನ್ನು ನೀವು ಎಂದಾದರೂ ನೋಡಿದ್ದೀರಾ? ನಾನೂ ನೋಡಿಲ್ಲ. ಹೂ ಬಿಡಲು ಜಿಬ್ಬರೆಲಿನ್ ಎಂಬ ಹಾರ್ಮೋನ್ ಬೇಕು, ಅದನ್ನು ತಯಾರಿಸಲು ಬೇಕಾದ ಒಂದು ಜೀನ್ ಈ ಗಿಡದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆ ಹಾರ್ಮೋನನ್ನು ಹೊರಗಿನಿಂದ ಕೊಟ್ಟಾಗ ಹೂ ಬಂತು. ಲಂಟಾನವೂ ಚಂದಕ್ಕೆ ಅಂತಲೇ ಈ ದೇಶಕ್ಕೆ ಬಂದದ್ದು, ಆದರೆ ಅದರ ಹಣ್ಣನ್ನು ಹಕ್ಕಿಗಳು ತಿಂದು ಕಾಡಿಗೆಲ್ಲ ಹಂಚಿದವು. ಇದಕ್ಕೆ ಹಣ್ಣೂ ಇಲ್ಲ, ಹಕ್ಕಿಯೂ ಇಲ್ಲ. ಹಾಗಾದರೆ ಊರೂರು ಸುತ್ತಿದ್ದು ಹೇಗೆ? ನಮ್ಮ ಕೈಯಿಂದಲೇ. ಕದ್ದು ತಂದ ಮನಿ ಪ್ಲಾಂಟೇ ಚೆನ್ನಾಗಿ ಬರುತ್ತದೆ ಅನ್ನುವ ಮಾತಿದೆ ಅಲ್ವಾ? ಒಂದು ಗೆಣ್ಣು ನೆಲಕ್ಕೆ ತಾಗಿದರೂ ಬೇರು ಬಿಡುವ ಬಳ್ಳಿಗೆ ಇದಕ್ಕಿಂತ ಅನುಕೂಲದ ನಂಬಿಕೆ ಇನ್ನೇನು ಬೇಕು!

ಹಲಸಿನ ವಿಷಯಕ್ಕೆ ಬರೋಣ. ಇದು ಬಂದಳಿಕೆಯಲ್ಲ, ಮರದ ರಸ ಹೀರುವುದಿಲ್ಲ. ಆದರೆ ಹಲಸು ಕಾಯಿ ಬಿಡುವುದೇ ಕಾಂಡದ ಮೇಲೆ. ಅಲ್ಲಿ ಇದು ಹೊದಿಕೆ ಹಾಕಿದರೆ ಕಾಯಿ ಕಾಣುವುದೂ ಕಷ್ಟ, ಕೊಯ್ಯುವುದೂ ಕಷ್ಟ. ಮಳೆಗಾಲದಲ್ಲಿ ಒದ್ದೆ ಎಲೆಗಳ ಭಾರ ಬೇರೆ.

ನನಗೆ ಜಾಸ್ತಿ ಚಿಂತೆ ನೆಲದ ಮೇಲಿನ ಬಳ್ಳಿಯದ್ದು. ಶ್ರೀಲಂಕಾದ ಕ್ಯಾಂಡಿ ಪೇಟೆಗೆ ಅಂಟಿಕೊಂಡೇ ಉಡವತ್ತಕೆಲೆ ಎಂಬ ಕಾಡಿದೆ. ಅಲ್ಲಿ ಇದೇ ಮನಿ ಪ್ಲಾಂಟ್ ಚಾಪೆಯಂತೆ ನೆಲಕ್ಕೆ ಹಬ್ಬಿದೆ, ಮರಗಳನ್ನೂ ಏರಿದೆ. ಅಂಥ ಚಾಪೆಯಡಿ ಕಾಡುಮರದ ಸಸಿಗಳು ತಲೆ ಎತ್ತುವುದು ಕಷ್ಟ. ಫ್ಲಾರಿಡಾ, ಹವಾಯಿಗಳಲ್ಲೂ ಇದನ್ನು ಕಳೆ ಎಂದೇ ಲೆಕ್ಕ ಹಾಕುತ್ತಾರೆ. ಮಳೆ, ನೆರಳು, ತೇವ ನಿಮ್ಮಲ್ಲೂ ಇದೆ. ಹಳ್ಳದ ನೀರಿಗೆ ಒಂದು ತುಂಡು ಸಿಕ್ಕರೆ ಅದು ಎಲ್ಲಿ ಬೇರೂರುತ್ತದೋ ಹೇಳಲಾಗದು. ಹಾಗಾಗಿ ಹಳ್ಳದ ಕಡೆಯಿಂದಲೇ ಕೀಳಲು ಶುರು ಮಾಡಿ.

ಕೆಲಸಕ್ಕೆ ಬೇಸಿಗೆಯೇ ಸರಿ. ಬುಡ ಕಡಿದು ಸುಮ್ನೆ ಬಿಟ್ಟರೆ ಸಾಲದು. ಕಾಂಡಕ್ಕೆ ಅಂಟಿದ ಬೇರುಗಳಿಂದಲೇ ಮೇಲಿನ ಭಾಗ ಬಹಳ ದಿನ ಬದುಕಿ, ಮತ್ತೆ ಕೆಳಗೆ ಬೇರು ಇಳಿಸುತ್ತದೆ. ಕೈಗೆ ಎಟಕುವಷ್ಟು ಎತ್ತರದಲ್ಲಿ ಕತ್ತರಿಸಿ, ಕೆಳಗಿನದನ್ನು ಬೇರು ಸಮೇತ ಅಗೆದು ತೆಗೆಯಿರಿ. ಮೇಲಿನದು ಬಾಡಿ ಸಡಿಲವಾದ ಮೇಲೆ ಎಳೆದು ಇಳಿಸಿ. ಅದೇ ಮರಕ್ಕೆ ಕಾಳುಮೆಣಸಿನ ಬಳ್ಳಿಯೂ ಹಬ್ಬಿದ್ದರೆ ಜೋಪಾನ, ಅವಸರದಲ್ಲಿ ಎರಡೂ ಒಟ್ಟಿಗೆ ಬಂದಾವು. ಹಳ್ಳದ ಹತ್ತಿರ ಕಳೆನಾಶಕ ಖಂಡಿತ ಬೇಡ.

ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಅಲ್ಲೇ ಚಿಗುರೀತು. ಅಂಗಳದ ಸಿಮೆಂಟ್ ನೆಲದ ಮೇಲೋ ಬಂಡೆಯ ಮೇಲೋ ಹರಡಿ, ಮುರಿದರೆ ಪಟ್ ಅನ್ನುವಷ್ಟು ಒಣಗಿಸಿ. ಕೈಗವಸು ಹಾಕಿಕೊಳ್ಳಿ. ಕೆಸುವಿನ ತುರಿಕೆ ಗೊತ್ತಲ್ಲ, ಅದೇ ಬಗೆಯ ಸೂಜಿಯಂಥ ಹರಳುಗಳು ಇದರಲ್ಲೂ ಇವೆ. ನಾಯಿ, ಬೆಕ್ಕು ಅಗಿದರೆ ಬಾಯಿ ಉರಿದು ಜೊಲ್ಲು ಸುರಿಸುತ್ತವೆ.

ಅತ್ತೆಯವರಿಗೆ ಒಂದು ಕುಡಿಯನ್ನು ಬಾಟಲಿಯಲ್ಲಿಟ್ಟು ಕೊಡಿ, ಕಿಟಕಿಯಲ್ಲಿರಲಿ. ನಮ್ಮ ಅಡುಗೆಮನೆ ಕಿಟಕಿಯಲ್ಲೂ ಒಂದಿದೆ. ಹಲಸಿನ ಬುಡವನ್ನು ಮಾತ್ರ ಮೊದಲ ಮಳೆ ಬಿದ್ದ ಹದಿನೈದು ದಿನಕ್ಕೆ ಮತ್ತೆ ನೋಡಿ. ಬೆರಳುದ್ದದ ಚಿಗುರು ಕಂಡೇ ಕಾಣುತ್ತದೆ, ಆಗ ಒದ್ದೆ ಮಣ್ಣಿನಿಂದ ಕೀಳುವುದೂ ಸುಲಭ.