ಉಳದ ನೆಲದಲ್ಲಿ ಸಣ್ಣ ಬೀಜ ಹುಟ್ಟಿಸುವುದು ಹೇಗೆ?

ಪ್ರಶ್ನೆ: ನಮ್ಮ ಜಮೀನಿನ ಒಂದು ಭಾಗದಲ್ಲಿ ಮುಸುಕಿನ ಜೋಳ ಮತ್ತು ದ್ವಿದಳ ಧಾನ್ಯ, ಇನ್ನೊಂದು ಭಾಗದಲ್ಲಿ ತರಕಾರಿ ಬೆಳೆಯುತ್ತೇವೆ. ಈ ಸಲ ಎಲ್ಲಿಯೂ ಉಳದೆ, ಹಿಂದಿನ ಬೆಳೆಯ ಕೂಳೆಯನ್ನು ಹಾಗೆಯೇ ಬಿಟ್ಟು, ಒಣದಂಟು ಹರಡಿ ಬಿತ್ತಿದೆವು. ಜೋಳ ಮತ್ತು ಬೀನ್ಸ್ ಸಾಲು ತುಂಬಿ ಬಂದಿವೆ. ಆದರೆ ಕ್ಯಾರೆಟ್, ಪಾಲಕ್ ಅಲ್ಲೊಂದು ಇಲ್ಲೊಂದು ಹುಟ್ಟಿವೆ. ಎಲೆಕೋಸಿನ ಸಸಿಗಳ ಹಳೆಯ ಎಲೆಗಳು ಹಳದಿಯಾಗುತ್ತಿವೆ. ತರಕಾರಿಗೆ ಮತ್ತೆ ಉಳಲೇಬೇಕೆ?

ಉತ್ತರ: ಉಳುವ ಅಗತ್ಯ ಕಾಣುವುದಿಲ್ಲ. ಆದರೆ ಜೋಳಕ್ಕೆ ಒಗ್ಗಿದ ಕ್ರಮವನ್ನು ಕ್ಯಾರೆಟ್‌ಗೂ ಹಾಗೆಯೇ ಅನ್ವಯಿಸಲಾಗದು. ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟು ಆಳಕ್ಕೆ ಬಿತ್ತುವುದು ವಾಡಿಕೆ. ಜೋಳದ ಬೀಜ ನಾಲ್ಕೈದು ಸೆಂಟಿಮೀಟರ್ ಆಳದಲ್ಲಿ, ತೇವ ನಿಲ್ಲುವ ಪದರದಲ್ಲಿ ಕುಳಿತು, ಮೇಲಿನ ಹೊದಿಕೆಯನ್ನು ಸರಿಸಿಕೊಂಡು ಬರುವಷ್ಟು ಕಸುವನ್ನು ತನ್ನೊಳಗೇ ಹೊಂದಿರುತ್ತದೆ. ಒಂದು ಸೆಂಟಿಮೀಟರ್ ಆಳದಲ್ಲಿರುವ ಕ್ಯಾರೆಟ್ ಬೀಜಕ್ಕೆ ಆ ಕಸುವಿಲ್ಲ, ಅದು ನಿಧಾನವಾಗಿ ಮೊಳೆಯುವುದರಿಂದ ಮೇಲ್ಮಣ್ಣು ಎರಡು ದಿನ ಒಣಗಿದರೂ ಸೊರಗುತ್ತದೆ.

ಬೀಜ ಹುಟ್ಟದ ಜಾಗದಲ್ಲಿ ಹೊದಿಕೆಯನ್ನು ಸರಿಸಿ, ಬಿತ್ತಿದ ಸೀಳನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ ನೋಡಿ. ದಂಟಿನ ಚೂರು ಮಡಿಚಿಕೊಂಡು ಸೀಳಿನೊಳಗೆ ಸಿಕ್ಕಿ, ಬೀಜ ಅದರ ಮೇಲೆ ಕುಳಿತಿದ್ದರೆ, ಮಣ್ಣು ತಾಗದೆ ಬೀಜ ತೇವ ಹೀರಿಲ್ಲವೆಂದು ತಿಳಿಯಿರಿ. ಹೊದಿಕೆ ಒದ್ದೆಯಾಗಿರುವಾಗ ಬಿತ್ತಿದರೆ ಹೀಗಾಗುವುದು ಹೆಚ್ಚು, ಏಕೆಂದರೆ ಮೆತ್ತಗಾದ ದಂಟು ತುಂಡಾಗದೆ ಬಾಗುತ್ತದೆ. ಮುಂದಿನ ಸಲ ದಂಟು ಗರಿಗರಿಯಾಗಿ, ಅಡಿಯ ಮಣ್ಣು ಹದವಾಗಿರುವಾಗ, ಸಾಲಿನ ಉದ್ದಕ್ಕೂ ಅಂಗೈ ಅಗಲದಷ್ಟು ಪಟ್ಟಿಯಲ್ಲಿ ಹೊದಿಕೆಯನ್ನು ಪೂರ್ತಿ ತೆಗೆದು, ಚೆನ್ನಾಗಿ ಕಳಿತ ಗೊಬ್ಬರವನ್ನು ತೆಳುವಾಗಿ ಹರಡಿ, ಅದರಲ್ಲಿ ಸಣ್ಣ ಬೀಜವನ್ನು ಬಿತ್ತಿ, ಮೇಲೆ ಹಲಗೆಯಿಂದ ಒತ್ತಿರಿ. ಗಿಡಗಳು ಗೇಣುದ್ದ ಬೆಳೆದ ಮೇಲೆ ಹೊದಿಕೆಯನ್ನು ಬುಡಕ್ಕೆ ಹತ್ತಿರ ತನ್ನಿ. ಟೊಮೆಟೊ, ಬದನೆ, ಮೆಣಸಿನಕಾಯಿಯ ಸಸಿಗಳಿಗೆ ಇಷ್ಟು ಶ್ರಮ ಬೇಡ. ಹೊದಿಕೆಯಲ್ಲಿ ಗುಳಿ ಮಾಡಿ ನೆಟ್ಟರೆ ಸಾಕು.

ಎಲೆಕೋಸು ಹಳದಿಯಾಗಲು ಬಹುಮಟ್ಟಿಗೆ ಸಾರಜನಕದ ಕೊರತೆಯೇ ಕಾರಣ. ಜೋಳದ ಒಣದಂಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 60 ಪಾಲು ಇಂಗಾಲವಿರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಕೊರತೆಯಾದ ಸಾರಜನಕವನ್ನು ಮಣ್ಣಿನಿಂದಲೇ ಸೆಳೆದುಕೊಳ್ಳುತ್ತವೆ. ಜೊತೆಗೆ ಹೊದಿಕೆಯಡಿಯ ಮಣ್ಣು ತಂಪಾಗಿರುವುದರಿಂದ ಸಾವಯವ ಅಂಶದಿಂದ ಸಾರಜನಕ ಬಿಡುಗಡೆಯಾಗುವುದೂ ತಡವಾಗುತ್ತದೆ. ಗೊಬ್ಬರವನ್ನು ಹೊದಿಕೆಯ ಮೇಲೆ ಎರಚದೆ, ಹೊದಿಕೆಯನ್ನು ಸರಿಸಿ ಬುಡದ ಬದಿಗೆ ಕೊಡಿ. ಎಲೆಕೋಸಿನಂತಹ ಹಸಿವಿನ ಬೆಳೆಗೆ ಮುಂಚೆ ಅಲಸಂದೆ ಅಥವಾ ಅಪ್ಪಸೆಣಬು ಬೆಳೆದು, ಹೂ ಬಿಟ್ಟು ಕಾಯಿ ಬಲಿಯುವ ಮುನ್ನ ಬುಡಕ್ಕೆ ಕೊಯ್ದು ಮಲಗಿಸಿದರೆ, ಹೊದಿಕೆಯೂ ಸಾರಜನಕವೂ ಒಟ್ಟಿಗೆ ದೊರೆಯುತ್ತವೆ. ಜೋಳದ ದಂಟನ್ನು ಬೀನ್ಸ್ ಸಾಲುಗಳಿಗೆ ಮೀಸಲಿಡುವುದೇ ನನ್ನ ಸಲಹೆ, ಏಕೆಂದರೆ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದುಕೊಳ್ಳುವ ಆ ಬೆಳೆಗೆ ಈ ಕೊರತೆ ಅಷ್ಟಾಗಿ ಬಾಧಿಸದು.

ನೀವು ಕಳೆಯ ವಿಷಯ ಕೇಳಿಲ್ಲವಾದರೂ ಒಂದು ಮಾತು ಹೇಳಬೇಕು. ದಪ್ಪ ಹೊದಿಕೆ ಬೀಜದಿಂದ ಹುಟ್ಟುವ ಕಳೆಯನ್ನು ತಡೆಯುತ್ತದೆ, ಗೆಡ್ಡೆಯಿಂದ ಚಿಗುರುವ ಜೇಕನ್ನು ತಡೆಯುವುದಿಲ್ಲ. ಜೇಕು ಇರುವ ತುಂಡನ್ನು ಸದ್ಯಕ್ಕೆ ಉಳುಮೆರಹಿತ ತರಕಾರಿಯಿಂದ ಹೊರಗಿಡಿ. ಅಲ್ಲಿ ಗೆಡ್ಡೆ ಸಮೇತ ಕಿತ್ತು, ದಟ್ಟವಾಗಿ ನೆರಳು ಕಟ್ಟುವ ಬೆಳೆಗಳನ್ನು ಬೆಳೆದು, ಅದು ಹತೋಟಿಗೆ ಬಂದ ಮೇಲೆಯೇ ಸಣ್ಣ ಬೀಜದ ಮಡಿ ಮಾಡಿ.