ಭಾಮಿನಿ ಷಟ್ಪದಿ: ಮೂರನೇ ಸಾಲು ತುಂಬದಿದ್ದರೆ

ನೀವು ಬರೆದ ಭಾಮಿನಿ ಷಟ್ಪದಿಗೆ (ಆರು ಸಾಲಿನ ಪದ್ಯ) ಗಮಕಿಗಳು, ಅಂದರೆ ಕಾವ್ಯವನ್ನು ರಾಗವಾಗಿ ಓದುವವರು, ‘ಮೂರನೇ ಸಾಲು ತುಂಬಿಲ್ಲ’ ಅಂದದ್ದು ಯಾಕೆಂದು ಕೇಳಿದ್ದೀರಿ. ಕೊನೆಯ ಗುರು ಬಿಟ್ಟುಹೋದದ್ದಕ್ಕೆ. ಮಾತ್ರೆ ಎಂದರೆ ಅಕ್ಷರ ಉಚ್ಚರಿಸುವ ಕಾಲದ ಅಳತೆ: ಲಘುವಿಗೆ ಒಂದು, ಗುರುವಿಗೆ ಎರಡು. ‘ಮಳೆಯ|ತರಿಸಿದ|ತಾಯಿ|ನಿನ್ನಯ|ಚೆಲುವ|ನೋಡಿದೆ’: 3+4+3+4+3+4, ಒಟ್ಟು 21 ಮಾತ್ರೆ. ಮೂರನೇ, ಆರನೇ ಸಾಲಿಗೆ ಬೇಕಾದದ್ದು 23, ಉಳಿದ ಸಾಲುಗಳಿಗೆ 14. ಕೊನೆಗೆ ‘ನಾ’ ಸೇರಿಸಿ.

ನಿಮ್ಮ ಮೊದಲ ಸಾಲು, ‘ಮಲಪ್ರಭೆಯಾ ಹಸಿರ ಗದ್ದೆಗೆ’, ಲೆಕ್ಕಕ್ಕೆ 14 ಬಂದರೂ ಹಾಡಲು ಬರುವುದಿಲ್ಲ. ‘ಪ್ರ’ ಒತ್ತಿನಿಂದ ‘ಲ’ ಗುರುವಾಗಿ, ಸಾಲು ಲಘು-ಗುರುವಿನಿಂದ ಶುರುವಾಗುತ್ತದೆ. ಷಟ್ಪದಿಗೆ ಅದು ಒಗ್ಗದು. ‘ಯಾ’ ಎಂದು ಎಳೆದದ್ದೂ ಬರೀ ತುಂಬುವಿಕೆ. ಹೀಗೆ ಮಾಡಿ: ‘ಹೊಳೆಯ|ದಂಡೆಯ|ಹಸಿರ|ಗದ್ದೆಗೆ’. ಮೂರನೇ ಸಾಲಿನ ‘ಮಳೆಯ’ ಜೊತೆ ಆದಿಪ್ರಾಸವೂ (ಸಾಲುಗಳ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ, ಇಲ್ಲಿ ‘ಳ’) ಕೂಡುತ್ತದೆ. ನದಿಯ ಹೆಸರು ಶೀರ್ಷಿಕೆಯಲ್ಲಿರಲಿ.

ಆರನೇ ಸಾಲು ನೀವು ಹಾಕಿಲ್ಲ. ಅಲ್ಲೂ ಇದೇ ಕೊರತೆ ಇರಬಹುದು. ಎಣಿಸುವಾಗ ಒಂದು ಎಚ್ಚರ: ನಮ್ಮ ಕಡೆಯ ‘ಹೋಗತೇನಿ’ 6 ಮಾತ್ರೆ, ‘ಹೋಗುತ್ತೇನೆ’ 7. ಯಾವುದನ್ನು ಬರೆದಿದ್ದೀರೋ ಅದನ್ನೇ ಎಣಿಸಿ.