ಸ್ಪೋರ್ಟ್ಸ್ ಟೂರರ್ ಬೈಕನ್ನು ಬದಿಯಡ್ಕದಂಥ ಊರಲ್ಲಿ ಸಾಕಬಹುದಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ, ಮನೆಗೆ ಹೋಗುವುದು ಮಣ್ಣಿನ ರಸ್ತೆ. ಈಗ 350 ಸಿಸಿ ಬೈಕ್ ಉಂಟು. ಮಂಗಳೂರಿನಲ್ಲಿ ಕವಾಸಕಿ ನಿಂಜಾ 1100 ಎಸ್‌ಎಕ್ಸ್ ಟೆಸ್ಟ್ ರೈಡ್ ಮಾಡಿ ಬಂದಿದ್ದೀರಿ, ಅಂದಿನಿಂದ ನಿದ್ದೆ ಇಲ್ಲ. ಹೆಂಡತಿಯನ್ನು ಕೂರಿಸಿಕೊಂಡು ಕೊಡಗು, ಚಿಕ್ಕಮಗಳೂರು ತಿರುಗುವ ಆಸೆ. ತೆಗೆದುಕೊಳ್ಳುವುದಾ, ಬೇಡವಾ?

ಅದರ ಹಿಂದಿನ ಮಾಡೆಲ್ 1000 ಎಸ್‌ಎಕ್ಸ್ ಕೆಲವು ವರ್ಷಗಳಿಂದ ನನ್ನ ಹತ್ತಿರ ಉಂಟು. ಮನೆ ಪೆರ್ಲದ ಕಡೆ. ನಿಮ್ಮ ರಸ್ತೆ, ನಿಮ್ಮ ಮಳೆ, ನಿಮ್ಮ ಅಂಗಳ ಎಲ್ಲ ನನಗೂ ಗೊತ್ತು. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಪೋರ್ಟ್ಸ್ ಟೂರರ್ ಅಂದರೆ ಜೋರಾಗಿಯೂ ದೂರವೂ ಹೋಗಲು ಮಾಡಿದ ಬೈಕ್. ಈ ಜಾತಿಯ ಬೈಕನ್ನು 100ರ ವೇಗದಲ್ಲಿ ನೋಡಿ ತೆಗೆದುಕೊಳ್ಳಬೇಡಿ, 5ರ ವೇಗದಲ್ಲಿ ನೋಡಿ ತೆಗೆದುಕೊಳ್ಳಿ. 100ರಲ್ಲಿ ಎಲ್ಲವೂ ಚಂದವೇ. ಅಷ್ಟು ದುಡ್ಡು ಕೊಟ್ಟ ಮೇಲೆ ಚಂದ ಇರಲೇಬೇಕು.

ಶೋರೂಮಿನವರು ಕೊಡುವ ಟೆಸ್ಟ್ ರೈಡ್ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಬೆಳಿಗ್ಗೆ ಹತ್ತು ಗಂಟೆಗೆ ಹೋದರೆ ಎಂಜಿನ್ ಇನ್ನೂ ತಣ್ಣಗೆ. ಹೈವೇಯಲ್ಲಿ ನೇರ ಹೋಗಿ, ಒಂದು ಯು ಟರ್ನ್ ಹೊಡೆದು ವಾಪಸ್. ಹಿಂದೆ ಸೇಲ್ಸ್ ಹುಡುಗ ಕೂತಿರುತ್ತಾನೆ, ಇಲ್ಲದಿದ್ದರೆ ಸ್ಕೂಟರಿನಲ್ಲಿ ಹಿಂಬಾಲಿಸುತ್ತಾನೆ. ಆ ಹದಿನೈದು ನಿಮಿಷದಲ್ಲಿ ನಾಲ್ಕು ಸಿಲಿಂಡರಿನ ಆ ಎಳೆತ ನೋಡಿ ಬಾಯಿ ಒಣಗುತ್ತದೆ, ಅಷ್ಟೆ. ಬೈಕ್ ಹೇಗೆ ಅಂತ ಗೊತ್ತಾಗುವುದಿಲ್ಲ. ಎಂಜಿನ್ ಎಷ್ಟು ಜೋರು ಅಂತ ಮಾತ್ರ ಗೊತ್ತಾಗುತ್ತದೆ. ಅದನ್ನು ಬ್ರೋಷರ್ ನೋಡಿಯೂ ತಿಳಿಯಬಹುದಿತ್ತು: ನನ್ನದರಲ್ಲಿ 1043 ಸಿಸಿ, 142 ಪಿಎಸ್. ಹೊಸ 1100ರಲ್ಲಿ 1099 ಸಿಸಿ, 136 ಪಿಎಸ್. ಸಿಸಿ ಜಾಸ್ತಿ, ಪವರ್ ಕಡಿಮೆ, ಇದೆಂತ ಕಥೆ ಅಂತ ಕೇಳುವವರಿದ್ದಾರೆ. ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಚೆನ್ನಾಗಿರಲಿ ಅಂತ ಹಾಗೆ ಮಾಡಿದ್ದಾರೆ. ಮೇಲಿನ ಎರಡು ಗೇರ್‌ಗಳನ್ನೂ ಉದ್ದ ಮಾಡಿದ್ದಾರೆ. ನಮ್ಮ ಘಾಟಿಗೆ ಅದು ಒಳ್ಳೆಯದೇ. 10,000 ಆರ್‌ಪಿಎಂವರೆಗೆ ಹೋಗಲು ಇಲ್ಲಿ ಜಾಗ ಎಲ್ಲುಂಟು?

ಈಗ 5 ಕಿ.ಮೀ. ವೇಗದ ವಿಷಯ.

ಬೈಕಿನ ತೂಕ 238 ಕಿಲೋ. ನಿಮ್ಮ 350 ಸಹ 190ರ ಆಸುಪಾಸು ಇರುತ್ತದೆ, ಹಾಗಾಗಿ ನಲವತ್ತೈವತ್ತು ಕಿಲೋ ಎಂತ ಮಹಾ ಅನಿಸಬಹುದು. ಓಡುವಾಗ ಏನೂ ಅಲ್ಲ. ನಿಲ್ಲಿಸಿ ತಳ್ಳುವಾಗ ಗೊತ್ತಾಗುತ್ತದೆ. ಇದರ ಹ್ಯಾಂಡಲ್ ನಿಮ್ಮ ಬೈಕಿನಷ್ಟು ತಿರುಗುವುದಿಲ್ಲ. ಸೀಟು ಎತ್ತರ. ರಿವರ್ಸ್ ಗೇರ್ ಇಲ್ಲ. ಡಿಸೆಂಬರಿನಿಂದ ಮೇ ತನಕ ನಮ್ಮ ಕಡೆ ಅಂಗಳದ ಸ್ಥಿತಿ ನಿಮಗೆ ಹೇಳಬೇಕಾಗಿಲ್ಲ: ಒಂದು ಮೂಲೆ ಬಿಟ್ಟು ಉಳಿದದ್ದೆಲ್ಲ ಒಣಗಲು ಹಾಕಿದ ಅಡಿಕೆ. ಆ ಮೂಲೆಯಲ್ಲಿ ಇದನ್ನು ತಿರುಗಿಸಲು ಆಗುವುದಿಲ್ಲ. ಇಳಿಜಾರಿನಲ್ಲಿ ಮುಂದಿನ ಚಕ್ರ ಕೆಳಗೆ ಮಾಡಿ ನಿಲ್ಲಿಸಿದಿರೋ, ಹಿಂದಕ್ಕೆ ಎಳೆಯಲು ಇಬ್ಬರು ಬೇಕು. ನಮ್ಮ ಮನೆಯಲ್ಲಿ ಈಗ ಒಂದು ನಿಯಮ ಉಂಟು, ಗೇಟಿನಿಂದ ಬೈಕ್ ನಿಲ್ಲಿಸುವ ಜಾಗದ ತನಕ ಅಡಿಕೆ ಹಾಕುವಂತಿಲ್ಲ. ಅಪ್ಪ ಒಪ್ಪಿದ್ದು ಸುಲಭದಲ್ಲಿ ಅಲ್ಲ.

ಆಮೇಲೆ ಸೈಡ್ ಸ್ಟಾಂಡ್. ಈ ಬೈಕಿಗೆ ಸೆಂಟರ್ ಸ್ಟಾಂಡ್ ಬರುವುದಿಲ್ಲ. ಜೂನ್ ತಿಂಗಳ ಮಣ್ಣಿನಲ್ಲಿ ಸೈಡ್ ಸ್ಟಾಂಡ್ ಹಾಕಿ ಒಳಗೆ ಹೋಗಿ ಚಾ ಕುಡಿದು ಬರುವಷ್ಟರಲ್ಲಿ ಅದು ನಿಧಾನಕ್ಕೆ ಹೂತು ಬೈಕ್ ವಾಲಿರುತ್ತದೆ. ಸ್ಟಾಂಡಿನ ಅಡಿಗೆ ಇಡಲು ಚಪ್ಪಟೆ ಕಲ್ಲಿನ ತುಂಡು ಒಂದು ಬೇಕೇ ಬೇಕು. ಚೈನ್‌ಗೆ ಎಣ್ಣೆ ಹಾಕಲು ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಕ್ ಸ್ಟಾಂಡ್ ಬೇರೆ ತೆಗೆದುಕೊಳ್ಳಬೇಕು. ಇದೆಲ್ಲ ಸಣ್ಣ ಸಂಗತಿ, ಆದರೆ ದಿನಾ ಇರುವುದು ಇದೇ. ಬೈಕಿನಲ್ಲಿ ಕೊಡಗಿಗೆ ಹೋಗುವುದು ಯಾವಾಗಲೋ ಒಮ್ಮೆ. ಅಂಗಳದಿಂದ ಹೊರಗೆ ತೆಗೆಯುವುದು ಪ್ರತಿ ಸಲ.

ಇನ್ನೊಂದು ಲೆಕ್ಕ: ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಬೈಕಿನ ಅಡಿಯ ಎತ್ತರ, 135 ಮಿ.ಮೀ. ಪಂಚಾಯತು ರಸ್ತೆಯ ಹಂಪ್‌ಗಳನ್ನು ಯಾರು ಯಾವ ಅಳತೆಯಲ್ಲಿ ಹಾಕುತ್ತಾರೋ ದೇವರಿಗೇ ಗೊತ್ತು. ಒಬ್ಬರೇ ಇದ್ದರೆ ಹೆಚ್ಚಿನ ಕಡೆ ದಾಟುತ್ತದೆ. ಇಬ್ಬರು ಕೂತು, ಎರಡು ಬದಿಗೆ ಬಾಕ್ಸ್ ತುಂಬಿಸಿದರೆ ಅಡಿ ತಾಗುವ ಶಬ್ದ ಕೇಳುತ್ತದೆ. ಹಿಂದಿನ ಸಸ್ಪೆನ್ಷನ್ ಬಿಗಿ ಮಾಡಲು ಬದಿಯಲ್ಲಿ ಒಂದು ತಿರುಗಣೆ ಕೊಟ್ಟಿದ್ದಾರೆ. ಕೈಯಲ್ಲೇ ತಿರುಗಿಸಬಹುದು, ಸ್ಪ್ಯಾನರ್ ಬೇಡ. ಅದನ್ನು ಉಪಯೋಗಿಸದವರೇ ಜಾಸ್ತಿ. ಹೆಂಡತಿ ಕೂರುವ ಮೊದಲು ನಾಲ್ಕು ಸುತ್ತು ತಿರುಗಿಸಿದರೆ ಬೈಕೇ ಬೇರೆ ಅನಿಸುತ್ತದೆ.

ಹಾಗಾದರೆ ಸರಿಯಾದ ಟೆಸ್ಟ್ ರೈಡ್ ಹೇಗೆ ಮಾಡುವುದು? ಇನ್ನೊಮ್ಮೆ ಹೋಗಿ. ಈ ಸಲ ಮಧ್ಯಾಹ್ನ ಹನ್ನೆರಡರ ನಂತರ ಹೋಗಿ, ಮಾರ್ಚ್–ಏಪ್ರಿಲ್ ಆದರೆ ಇನ್ನೂ ಒಳ್ಳೆಯದು. ಮೊದಲು ಟಯರಿನ ಗಾಳಿ ನೋಡಿಸಿ. ಡೆಮೊ ಬೈಕಿನ ಗಾಳಿಯನ್ನು ಯಾರೂ ನೋಡುವುದಿಲ್ಲ. ಮುಂದೆ 36, ಹಿಂದೆ 42 ಪಿಎಸ್‌ಐ ಇರಬೇಕು. ಅದು ಕಡಿಮೆ ಇದ್ದರೆ ಬೈಕ್ ತಿರುವಿನಲ್ಲಿ ಭಾರ ಅನಿಸುತ್ತದೆ, ನೀವು ಸುಮ್ನೆ ಬೈಕನ್ನು ಬೈಯುತ್ತೀರಿ. ಹೈವೇ ಬಿಡಿ. ಪಂಪ್‌ವೆಲ್, ಕಂಕನಾಡಿ ಕಡೆಯ ಟ್ರಾಫಿಕ್ಕಿನಲ್ಲಿ ಹೋಗಿ ಸಿಕ್ಕಿಕೊಳ್ಳಿ. ಫ್ಯಾನ್ ತಿರುಗಲು ಶುರುವಾಗಲಿ. ಒಂದು ಸಾವಿರ ಸಿಸಿಯ ನಾಲ್ಕು ಸಿಲಿಂಡರ್ ಅಂದರೆ ಯಾವ ಕಂಪನಿಯದ್ದಾದರೂ ಬಿಸಿ ಇದ್ದದ್ದೇ. ಬಚ್ಚಲ ಒಲೆಯ ಬಾಯಿಗೆ ಮೊಣಕಾಲು ಕೊಟ್ಟು ಕೂತ ಹಾಗೆ ಆಗುತ್ತದೆ. ಅದನ್ನು ಸಹಿಸುತ್ತೀರಾ ಅಂತ ಅಲ್ಲೇ ಗೊತ್ತಾಗಲಿ. ಓಡಲು ಶುರು ಮಾಡಿದ ಮೇಲೆ ಆ ಬಿಸಿ ಕಾಲಿಗೆ ಹೊಡೆಯುವುದಿಲ್ಲ, ಅದನ್ನೂ ಹೇಳಬೇಕು.

ಆಮೇಲೆ ಒಂದು ಸಪೂರ ರಸ್ತೆ ನೋಡಿ, ಕಾಲು ಕೆಳಗಿಡದೆ ಯು ಟರ್ನ್ ಮಾಡಿ. ಏರಿನಲ್ಲಿ ನಿಲ್ಲಿಸಿ ಹೊರಡಿಸಿ. ನಾಲ್ಕನೇ ಗೇರಿನಲ್ಲಿ 35–40ಕ್ಕೆ ಬಂದು ಮೆಲ್ಲ ಆಕ್ಸಿಲರೇಟರ್ ಕೊಡಿ, ಕೊಸರಾಡದೆ ಎಳೆಯುತ್ತದಾ ನೋಡಿ. ನಮ್ಮ ತಿರುವುಗಳಲ್ಲಿ ಬೇಕಾಗುವುದು ಅದೇ. ಮುಂದೆ ಗಾಳಿ ತಡೆಯುವ ಗಾಜನ್ನು ನಾಲ್ಕು ಎತ್ತರಕ್ಕೂ ಇಟ್ಟು ನೋಡಿ. ಕೆಲವರ ಎತ್ತರಕ್ಕೆ ಗಾಳಿ ಸೀದಾ ಹೆಲ್ಮೆಟ್ಟಿಗೆ ಬಡಿದು ಅರ್ಧ ಗಂಟೆಯಲ್ಲಿ ತಲೆನೋವು ಬರುತ್ತದೆ. ನನಗೆ ಮೇಲಿಂದ ಎರಡನೆಯದು ಸರಿಯಾಯಿತು. ನನ್ನ ಭಾವನಿಗೆ ಯಾವುದೂ ಆಗಲಿಲ್ಲ.

ಎಲ್ಲಕ್ಕಿಂತ ಮುಖ್ಯ, ಹೆಂಡತಿಯನ್ನು ಕರೆದುಕೊಂಡು ಹೋಗಿ. ಇದು ತಮಾಷೆ ಅಲ್ಲ. ನೀವು ಕೂರುವುದು ಮುಂದೆ, ಕೆಳಗೆ, ಗಾಳಿಯ ಮರೆಯಲ್ಲಿ. ಅವರು ಕೂರುವುದು ಮೇಲೆ, ಚಿಕ್ಕ ಸೀಟಿನಲ್ಲಿ, ಮೊಣಕಾಲು ಮಡಚಿ. ಬ್ರೇಕ್ ಹಿಡಿದಾಗಲೆಲ್ಲ ಅವರು ನಿಮ್ಮ ಬೆನ್ನ ಮೇಲೆ. ನಿಮ್ಮ 350ರ ಹಿಂದಿನ ಸೀಟಿನಲ್ಲಿ ಕೂತು ಅಭ್ಯಾಸ ಇರುವವರಿಗೆ ಇದು ದೊಡ್ಡ ವ್ಯತ್ಯಾಸ. ಸ್ಪೋರ್ಟ್ಸ್ ಟೂರರ್ ಅನ್ನುವ ಜಾತಿ ಹುಟ್ಟಿದ್ದೇ ಜೋರಾಗಿ, ದೂರ, ದಣಿಯದೆ ಹೋಗಲು. 1976ರಲ್ಲಿ ಬಿಎಂಡಬ್ಲ್ಯೂ ಆರ್ 100 ಆರ್‌ಎಸ್ ಬಂದಾಗ ಅದರ ಮುಂದಿನ ಹೊದಿಕೆಯನ್ನು, ಅಂದರೆ ಫೇರಿಂಗನ್ನು, ಗಾಳಿ ಸುರಂಗದಲ್ಲಿ ಪರೀಕ್ಷಿಸಿ ಮಾಡಿದ್ದರು, ಸವಾರನಿಗೆ ಗಾಳಿ, ಮಳೆ ಹೊಡೆಯಬಾರದು ಅಂತ. ಹಿಂದೆ ಕೂತವರ ಬಗ್ಗೆ ಕಂಪನಿಗಳು ಇವತ್ತಿಗೂ ಅಷ್ಟು ತಲೆ ಕೆಡಿಸಿಕೊಂಡ ಹಾಗೆ ಕಾಣುವುದಿಲ್ಲ. ನಮ್ಮ ಪ್ರಾಯದವರಿಗೆ ಈ ಹುಚ್ಚು ಹಿಡಿಸಿದ್ದು 2003ರ ಹೀರೋ ಹೋಂಡಾ ಕರಿಜ್ಮಾ, ಅದರ ಹಿಂದಿನ ಸೀಟು ಇದಕ್ಕಿಂತ ಎಷ್ಟೋ ವಾಸಿ.

ಸಾಧ್ಯವಾದರೆ ಒಬ್ಬ ಓನರ್ ಹತ್ತಿರ ಕೇಳಿ ಅವರ ಬೈಕಿನಲ್ಲಿ ಇಡೀ ಬೆಳಿಗ್ಗೆ ಹೋಗಿ ಬನ್ನಿ. ಶೋರೂಮಿನ ಬೈಕ್ ತಲಪಾಡಿ ಗಡಿ ದಾಟಿಸಲು ಒಪ್ಪುವುದು ಕಷ್ಟ. ಓನರ್‌ಗಳು ಒಪ್ಪುತ್ತಾರೆ, ನೀವೂ ಜವಾಬ್ದಾರಿಯ ಮನುಷ್ಯ ಅಂತ ಕಂಡರೆ. ಬದಿಯಡ್ಕ, ಮುಳ್ಳೇರಿಯ, ಆದೂರು, ಜಾಲ್ಸೂರು, ಅಲ್ಲಿಂದ ಸುಳ್ಯ, ಸಂಪಾಜೆ ಘಾಟಿ ಹತ್ತಿ ಮಡಿಕೇರಿ. ನಿಮ್ಮ ಮನೆಯಿಂದ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮುಳ್ಳೇರಿಯದಿಂದ ಜಾಲ್ಸೂರಿನ ತನಕ ಸಣ್ಣ ಸಣ್ಣ ತಿರುವು, ಎದುರಿನಿಂದ ಬಸ್ಸು. ಅಲ್ಲಿ ಈ ಬೈಕ್ ದೊಡ್ಡದು ಅನಿಸುತ್ತದೆ. ಸಂಪಾಜೆ ದಾಟಿ ಏರು ಶುರುವಾದ ಮೇಲೆ ಮೂರನೇ ಗೇರಿನಲ್ಲೇ ಹಾಕಿ ಬಿಡಿ. ಗೇರ್ ಬದಲಿಸುವ ಕೆಲಸವೇ ಇಲ್ಲ. ಕೈಯಲ್ಲೇ ಎಲ್ಲ. ಅಲ್ಲಿ ನಾನು ಇದಕ್ಕೆ ಕೊಟ್ಟ ದುಡ್ಡನ್ನೆಲ್ಲ ಮರೆಯುತ್ತೇನೆ.

ಹೈವೇ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೈಕ್ ಬಿಡುವ ನೇರ ರಸ್ತೆಯಲ್ಲಿ, ವೇಗ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್ ಹಾಕಿ ಹೋಗಬಹುದು. ಬೇಜಾರು ಬರುತ್ತದೆ.

ಮಳೆ ಹೇಳಬೇಕು. ನಾಲ್ಕು ತಿಂಗಳು ಬೈಕ್ ಮೂಲೆಗೆ ಹಾಕುವವರಿದ್ದಾರೆ, ನಾನು ಹಾಕುವುದಿಲ್ಲ. ರೇನ್ ಮೋಡ್ ಹಾಕಿದರೆ ಪವರ್ ಕಡಿಮೆಯಾಗುತ್ತದೆ, ಚಕ್ರ ಜಾರದಂತೆ ನೋಡುವ ಟ್ರ್ಯಾಕ್ಷನ್ ಕಂಟ್ರೋಲ್ ಬೇಗ ಹಿಡಿಯುತ್ತದೆ, ಎಬಿಎಸ್ ಹೇಗೂ ಉಂಟು. ಆದರೆ ಪಾಚಿ ಹಿಡಿದ ಕಾಂಕ್ರೀಟ್ ರಸ್ತೆಗೆ, ಮುರಕಲ್ಲಿನ ಕೆಂಪು ಕೆಸರಿಗೆ ಯಾವ ಎಲೆಕ್ಟ್ರಾನಿಕ್ಸೂ ಮದ್ದಲ್ಲ. ಅಲ್ಲಿ ಟಯರ್ ಮಾತ್ರ ನಿಮ್ಮ ಕೈ ಹಿಡಿಯುವುದು. ನನ್ನ ಬೈಕಿನ ಜೊತೆ ಬಂದದ್ದು ಬ್ರಿಡ್ಜ್‌ಸ್ಟೋನ್ ಎಸ್22. ಹಿಡಿತ ಚೆನ್ನಾಗಿತ್ತು, ಆದರೆ ಅದು ಸ್ಪೋರ್ಟ್ಸ್ ಬೈಕಿನ ಮೆತ್ತನೆ ಟಯರ್, ಬೇಗ ಸವೆದುಹೋಯಿತು. ಬದಲಿಸುವಾಗ ಟೂರಿಂಗ್ ಟಯರ್ ಹಾಕಿಸಿದೆ. ಮಿಶೆಲಿನ್ ರೋಡ್, ಪಿರೆಲ್ಲಿ ಏಂಜೆಲ್ ಜಿಟಿ, ಮೆಟ್ಸೆಲರ್ ರೋಡ್‌ಟೆಕ್, ಯಾವುದಾದರೂ ಆಗಬಹುದು. ನಡುವೆ ಗಟ್ಟಿ ರಬ್ಬರ್, ಅಂಚಿಗೆ ಮೆದು. ನೀರು ಹೊರಗೆ ಹಾಕುವ ಗೆರೆಗಳು ಜಾಸ್ತಿ. ಒಂದು ಜೊತೆಗೆ ಮೂವತ್ತು ಸಾವಿರ ಸುಲಭದಲ್ಲಿ ದಾಟುತ್ತದೆ, ಈ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಪಂಕ್ಚರ್ ಕಿಟ್ ಸೀಟಿನ ಅಡಿಯಲ್ಲಿ ಇರಲಿ. ಹಿಂದಿನ ಟಯರ್ 190 ಮಿ.ಮೀ. ಅಗಲದ್ದು. ಊರಿನ ಪಂಕ್ಚರ್ ಅಂಗಡಿಯವರು ನೋಡಿ ನಗುತ್ತಾರೆ, ಕೈ ಹಾಕುವುದಿಲ್ಲ.

ಪೆಟ್ರೋಲ್ ಲೀಟರಿಗೆ 17–18 ಕಿ.ಮೀ. ಕೊಡುತ್ತದೆ, ಟ್ಯಾಂಕ್ 19 ಲೀಟರ್. ಗಡಿ ದಾಟಿದಾಗ ತುಂಬಿಸಿಕೊಂಡು ಬರುವುದು ನಮಗೇನು ಹೊಸತಲ್ಲ.

ಸರ್ವಿಸ್ ವಿಷಯಕ್ಕೆ ಗಟ್ಟಿ ಮನಸ್ಸು ಬೇಕು. ದೊಡ್ಡ ಬೈಕಿನ ಕೆಲಸ ಗೊತ್ತಿರುವವರು ಕಾಸರಗೋಡಿನಲ್ಲಿ ಕಡಿಮೆ, ಮಂಗಳೂರಿಗೇ ಹೋಗಬೇಕು. ಪಾರ್ಟ್ಸ್ ಬೇಕಾದರೆ ಕಾಯಬೇಕು. ಒಂದು ಕ್ಲಚ್ ಲಿವರ್‌ಗೆ ನಾನು ವಾರಗಟ್ಟಲೆ ಕಾದದ್ದುಂಟು, ಫೋನ್ ಮಾಡಿದಾಗಲೆಲ್ಲ "ನಾಳೆ ಬರ್ತದೆ ಸರ್" ಅಂತ ಉತ್ತರ. ಈಗ ಎರಡು ಲಿವರ್, ಒಂದು ಆಯಿಲ್ ಫಿಲ್ಟರ್, ಬ್ರೇಕ್ ಪ್ಯಾಡ್ ಮನೆಯಲ್ಲೇ ಇಟ್ಟಿದ್ದೇನೆ. ಚೈನನ್ನು ಮಾತ್ರ ನೀವೇ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಐನೂರು ಕಿಲೋಮೀಟರಿಗೊಮ್ಮೆ ಎಣ್ಣೆ. ಮಳೆಗಾಲದಲ್ಲಿ ಪ್ರತಿ ದೊಡ್ಡ ಸವಾರಿಯ ನಂತರ. ಬೇಕಲದ ಕಡೆ ಕಡಲ ಬದಿಯ ರಸ್ತೆಯಲ್ಲಿ ಹೋಗಿ ಬಂದರೆ ಅದೇ ದಿನ ತೊಳೆಯಿರಿ. ಉಪ್ಪು ಗಾಳಿ ಬೋಲ್ಟುಗಳನ್ನು ಮೊದಲು ತಿನ್ನುತ್ತದೆ.

ಸೈಲೆನ್ಸರ್ ಬದಲಿಸುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಕಂಪನಿ ಕೊಟ್ಟ ರೂಪದಿಂದ ವಾಹನವನ್ನು ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೇರಳದಿಂದ ಹೋದ ಕೇಸಿನಲ್ಲೇ. ನಮ್ಮ ಎಂವಿಡಿಯವರು, ಅಂದರೆ ಕೇರಳದ ಮೋಟಾರು ವಾಹನ ಇಲಾಖೆಯವರು, ಅದನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. 2023ರ ಜೂನಿನಿಂದ ಕ್ಯಾಮೆರಾಗಳೂ ದಂಡ ಹಾಕುತ್ತಿವೆ. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು. ಅದಕ್ಕೂ ಒಳ್ಳೆಯದನ್ನೇ ತೆಗೆಯಿರಿ, ರಸ್ತೆ ಬದಿಯದ್ದು ಬೇಡ.

ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೆಎ 19 ಬೈಕ್ ಕಡಿಮೆಗೆ ಸಿಗುತ್ತದೆ ಅಂತಲೂ ಕೇಳಿದ್ದೀರಿ. ಸಿಗುತ್ತದೆ, ನನ್ನದೂ ಹಾಗೆ ಬಂದದ್ದೇ. ಆದರೆ ಬೈಕಿನ ಬೆಲೆ ಒಂದನ್ನೇ ನೋಡಬೇಡಿ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಅಲ್ಲಿಂದ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ), ಸಾಲ ಇದ್ದರೆ ಬ್ಯಾಂಕಿನ ಕಾಗದ, ಇಲ್ಲಿ ಗಾಡಿಯ ಪ್ರಾಯ ನೋಡಿ ತೆರಿಗೆ, ಆಮೇಲೆ ಕೆಎಲ್ 14 ನಂಬರ್. ಅಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ವಾಪಸ್ ಕೇಳಬಹುದು, ಓಡಾಡುವ ತಾಳ್ಮೆ ಇದ್ದರೆ. ಈ ಲೆಕ್ಕವನ್ನೆಲ್ಲ ಸೇರಿಸಿ ಆಮೇಲೆ ಕಡಿಮೆಯಾ ಜಾಸ್ತಿಯಾ ನೋಡಿ.

ನಿಮಗೆ ಎಂತ ತೆಗೆಯಲು ಹೇಳುತ್ತೇನೆ? ನಿಮ್ಮ ಪ್ರಶ್ನೆಯಲ್ಲಿ ಎರಡು ಸಲ ಹೆಂಡತಿ ಬಂದಿದ್ದಾರೆ, ಒಂದು ಸಲ ಮನೆಗೆ ಹೋಗುವ ಮಣ್ಣಿನ ರಸ್ತೆ ಬಂದಿದೆ. ಅಷ್ಟು ಸಾಕು ಮಾರಾಯ್ರೆ. ಕವಾಸಕಿಯದ್ದೇ ವರ್ಸಿಸ್ 650 ಒಮ್ಮೆ ಓಡಿಸಿ ನೋಡಿ. ಚಕ್ರ ಇದರ ಹಾಗೆ 17 ಇಂಚಿನದ್ದೇ, ತಿರುವಿನಲ್ಲಿ ಚೆನ್ನಾಗಿ ಹೋಗುತ್ತದೆ. ಕ್ಲಿಯರೆನ್ಸ್ 170 ಮಿ.ಮೀ., ಟ್ಯಾಂಕ್ 21 ಲೀಟರ್, ಹಿಂದಿನ ಸೀಟು ಮನುಷ್ಯರು ಕೂರುವಂಥದ್ದು. ಎತ್ತರ ಮಾತ್ರ ಜಾಸ್ತಿ, ನೀವು ಗಿಡ್ಡ ಆದರೆ ಕಷ್ಟ. ಹಾಗಾದರೆ ನಿಂಜಾ 650: 196 ಕಿಲೋ, ಸೀಟು 790 ಮಿ.ಮೀ. ಎರಡು ಸಿಲಿಂಡರ್, 68 ಪಿಎಸ್. ಸಂಪಾಜೆಗೆ ಅದು ಧಾರಾಳ. ಅಷ್ಟು ದುಡ್ಡು ಬೇಡ ಅಂತಾದರೆ ಬಜಾಜ್ ಡೊಮಿನಾರ್ 400 ಸಹ ಇದೇ ಕೆಲಸ ಮಾಡುತ್ತದೆ, ಊರಿನ ಮೆಕ್ಯಾನಿಕ್ಕಿಗೂ ಬಾಗುತ್ತದೆ.

ಇಷ್ಟು ಓದಿದ ಮೇಲೂ 1100 ಎಸ್‌ಎಕ್ಸೇ ಬೇಕು ಅನಿಸಿದರೆ ನಾನು ತಡೆಯುವುದಿಲ್ಲ. ನನ್ನದನ್ನು ಯಾರಾದರೂ ಕೇಳಿದರೆ ನಾನಂತೂ ಕೊಡುವುದಿಲ್ಲ. ಗೇಟಿನ ಹತ್ತಿರ ಸ್ವಲ್ಪ ಕಾಂಕ್ರೀಟ್ ಹಾಕಿಸಿ, ಮನೆಗೆ ತರುವ ದಿನ ಬೈಕನ್ನು ಹಿಮ್ಮುಖ ಒಳಗೆ ತಂದು, ಮುಂದಿನ ಚಕ್ರ ರಸ್ತೆ ಕಡೆಗೆ ಮಾಡಿ ನಿಲ್ಲಿಸಿ. ಮಂಗಳೂರಿಗೆ ಎರಡನೇ ಟೆಸ್ಟ್ ರೈಡಿಗೆ ಹೋಗುವಾಗ ಶನಿವಾರ, ಭಾನುವಾರ ಬಿಟ್ಟು ಹೋಗಿ, ಆ ದಿನ ನೋಡಲು ಬರುವವರೇ ಜಾಸ್ತಿ, ಬೈಕ್ ಕೈಗೆ ಸಿಗುವುದಿಲ್ಲ. ಪೆರ್ಲದ ಕಡೆ ಬಂದರೆ ಮೆಸೇಜ್ ಹಾಕಿ. ನನ್ನದರಲ್ಲಿ ಇಬ್ಬರೂ ಕೂತು ಅಡ್ಕಸ್ಥಳದ ತನಕ ಹೋಗಿ ಬನ್ನಿ, ಪೆಟ್ರೋಲ್ ನಿಮ್ಮದು.